ಆಟಿ ಪಾಯಸದ ಮೇಲೆ ಒಂದು ಪುಟ

ರ‍್ಯಾಂಕ್ ಬಂದಿತ್ತು, ಕಾಲೇಜಿನಿಂದ ಕರೆಯೂ ಬಂದಿತ್ತು. ಇನ್ನು ಬೇಕಾಗಿದ್ದದ್ದು ಒಂದು ಪುಟ.

ಘಟ್ಟದ ಆಚೆ ಬಯಲಿನಲ್ಲಿರುವ ಆ ವೈದ್ಯಕೀಯ ಕಾಲೇಜು ಕೆಲವೇ ಕೆಲವು ಸೀಟುಗಳನ್ನು ಹಳ್ಳಿಯಲ್ಲಿ ಕೆಲಸ ಮಾಡಲು ಒಪ್ಪುವವರಿಗೆಂದು ಎತ್ತಿಡುತ್ತದೆ. ಕಲಿಸುವುದು ಅವರ ಖರ್ಚಿನಲ್ಲಿ. ಕಲಿತ ಮೇಲೆ ಅವರು ಹೇಳಿದ ಊರಿನಲ್ಲಿ ಕೆಲವು ವರ್ಷ ದುಡಿಯುವುದು ನಮ್ಮ ಪಾಲು. ಪ್ರವೇಶ ಪರೀಕ್ಷೆಯಲ್ಲಿ ಒಂದು ಮಟ್ಟ ದಾಟಿದವರನ್ನೆಲ್ಲ ಕರೆಯುತ್ತಾರೆ. ಆಮೇಲೆ ಅಂಕಗಳನ್ನು ಬದಿಗಿಟ್ಟು, ಅಭ್ಯರ್ಥಿ ತನ್ನ ಬಗ್ಗೆ ತಾನೇ ಬರೆದ ಒಂದು ಪುಟವನ್ನು ಓದಿ, ಅದರ ಮೇಲೆ ಸಂದರ್ಶನ ಮಾಡುತ್ತಾರೆ. ನೀವು ವೈದ್ಯರಾಗಬೇಕೆಂದು ಏಕೆ ಅನ್ನಿಸಿತು, ನಿಮ್ಮ ಬದುಕಿನ ಒಂದು ಘಟನೆಯ ಮೂಲಕ ಹೇಳಿ ಎಂದು ಕೇಳಿದ್ದರು. ಕನ್ನಡದಲ್ಲಾದರೂ ಸರಿ, ಇಂಗ್ಲಿಷಿನಲ್ಲಾದರೂ ಸರಿ.

ನಾನು ಮಂಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಮಡಿಕೇರಿ ಹತ್ತಿರದ ಗಾಳಿಬೀಡಿನ ಮನೆಗೆ ಮರಳಿ, ಮತ್ತೆ ಮತ್ತೆ ಆ ಪರೀಕ್ಷೆಗೆ ಕೂತವಳು. ಹಿಂದಿನ ಸಲಗಳಲ್ಲಿ ಅಂಕ ಹತ್ತಿರ ಬಂದು ಜಾರಿತ್ತು. ಇದು ಕೊನೆಯ ಸಲ ಎಂದು ಮನೆಯಲ್ಲಿ ಮಾತಾಗಿತ್ತು. ಆಗದಿದ್ದರೆ ಬಿ.ಎಡ್. ಅವ್ವ ಅದರ ಅರ್ಜಿಯ ಬಗ್ಗೆಯೂ ವಿಚಾರಿಸಿ ಇಟ್ಟಿದ್ದಳು. ಮೇಷ್ಟರ ಕೆಲಸದ ಮೇಲೆ ನನಗೆ ಅಸಡ್ಡೆ ಇರಲಿಲ್ಲ. ಆದರೆ ಬಿ.ಎಡ್. ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ, ಬಾಗಿಲು ಹಾಕುವ ಹೊತ್ತಿಗೆ ಅಂಗಡಿ ಮುಟ್ಟಿದವಳ ಹಾಗೆ ನನಗೆ ಅನ್ನಿಸುತ್ತಿತ್ತು. ಹಾಗಾಗಿ ಆ ಒಂದು ಪುಟದ ಮೇಲೆ ನನ್ನ ಎಲ್ಲವೂ ನಿಂತಿತ್ತು ಎಂದರೆ ಹೆಚ್ಚಲ್ಲ.

ಮೊದಲ ಕರಡನ್ನು ಇಂಗ್ಲಿಷಿನಲ್ಲಿ ಬರೆದೆ. ಬಾಲ್ಯದಿಂದಲೂ ಮಾನವಕುಲದ ಸೇವೆ ಮಾಡುವ ಕನಸು ಕಂಡಿದ್ದೇನೆ ಎಂದು ಅದು ಶುರುವಾಗುತ್ತಿತ್ತು. ಅದನ್ನು ತೆಗೆದುಕೊಂಡು ಮಡಿಕೇರಿಗೆ ಹೋಗಿ, ಪಿ.ಯು.ಸಿ.ಯಲ್ಲಿ ನನಗೆ ಇಂಗ್ಲಿಷ್ ಕಲಿಸಿದ ಮಿಸ್ ಮುಂದೆ ಇಟ್ಟೆ. ಅವರು ಕೊಡವರು, ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಕನ್ನಡಕ ಹಾಕಿಕೊಂಡು ಒಂದೇ ವಾಕ್ಯ ಓದಿದರು.

"ಇದು ಯಾರದ್ದು?"

"ನನ್ನದು ಮಿಸ್."

"ಅಲ್ಲ. ಇದು ಎಲ್ಲರದ್ದು. ಮಾನವಕುಲ ಅಂತೆ. ನೀನು ಮಾನವಕುಲವನ್ನ ಎಲ್ಲಿ ನೋಡಿದ್ದು, ಮಡಿಕೇರಿ ಬಸ್‌ಸ್ಟ್ಯಾಂಡಲ್ಲಾ?"

ಮಿಸ್ ಆ ವಾಕ್ಯದ ಮೇಲೆ ಬೆರಳಿಟ್ಟರು.

"ಈ ಕನಸು ನಿಂಗೆ ಯಾವಾಗ ಬಿತ್ತು?"

"ಸರಿಯಾಗಿ ಗೊತ್ತಿಲ್ಲ."

"ಗೊತ್ತಿಲ್ಲದ್ದನ್ನ ಫಸ್ಟ್ ಸೆಂಟೆನ್ಸಲ್ಲೇ ಹಾಕ್ತಾರಾ?" ಎಂದು ಹಾಳೆಯನ್ನು ಹಿಂದಕ್ಕೆ ತಳ್ಳಿದರು. "ನೋಡು, ಇದನ್ನ ಓದುವವರು ಡಾಕ್ಟರುಗಳು. ದಿವಸವಿಡೀ ಪೇಷಂಟುಗಳ ಕತೆ ಕೇಳುವವರು. ಎಲ್ಲಿ ಉಬ್ಬಿಸಿ ಹೇಳ್ತಾರೆ, ಎಲ್ಲಿ ಮುಚ್ಚಿಡ್ತಾರೆ ಅಂತ ಅವರ ಕಿವಿಗೆ ಗೊತ್ತಾಗ್ತದೆ. ಒಂದು ದಿವಸ, ಒಬ್ಬ ಮನುಷ್ಯ, ಅಲ್ಲಿ ನೀನು ಮಾಡಿದ್ದು ಎಂತ. ಅಷ್ಟೇ ಬರೆ. ಕನ್ನಡದಲ್ಲೇ ಬರೆ. ನಿನ್ನ ಇಂಗ್ಲಿಷ್ ಇಸ್ತ್ರಿ ಹಾಕಿದ ಶರ್ಟಿನ ಹಾಗೆ ಉಂಟು, ಒಳಗೆ ಆಳಿಲ್ಲ."

ವಾಪಸು ಬರುವ ಬಸ್ಸಿನಲ್ಲಿ ಕೂತ ಮೇಲೆ ನನಗೆ ನಗು ಬಂತು. ಆ ಒಂದು ದಿವಸ ಯಾವುದು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಅದು ಸದಾ ನನ್ನ ಬಳಿ ಇತ್ತು. ಅದು ದೊಡ್ಡಪ್ಪನ ಕತೆ, ಅದರಲ್ಲಿ ನಾನೇ ನಾಯಕಿ.

ಈ ಕತೆ ಅರ್ಥವಾಗಲು ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಮಳೆಗಾಲದಲ್ಲಿ ಬರುವ ಆಟಿ ತಿಂಗಳ ಹದಿನೆಂಟನೆಯ ದಿನ ಕೊಡಗಿನ ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರೆ. ಕೊಡವರು ಆ ತಿಂಗಳನ್ನು ಕಕ್ಕಡ ಎನ್ನುತ್ತಾರೆ, ಅರೆಭಾಷೆ ಆಡುವ ನಾವು ಆಟಿ ಎನ್ನುತ್ತೇವೆ, ಪಾಯಸ ಒಂದೇ. ಆ ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿಕೊಂಡಿರುತ್ತದೆ ಎಂದು ನಂಬಿಕೆ. ಸೊಪ್ಪನ್ನು ಕುದಿಸಿದರೆ ನೀರು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಅದರಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಕಾಯಿ, ಏಲಕ್ಕಿ ಹಾಕಿದರೆ ಪಾಯಸ. ತಿಂದ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಮದ್ದು ಮೈಗೆ ಹಿಡಿಯಿತು ಎನ್ನುವುದಕ್ಕೆ ಅದೇ ಸಾಕ್ಷಿ. ಆ ಬೆಳಿಗ್ಗೆ ಇಡೀ ಕೊಡಗಿನಲ್ಲಿ ಗಂಡಸರು ಹಿತ್ತಲಿನಿಂದ ನಗುತ್ತಾ ಬರುತ್ತಾರೆ, ಯಾರದ್ದು ಎಷ್ಟು ಕೆಂಪು ಎಂದು ತಮಾಷೆ ಮಾಡುತ್ತಾರೆ. ಹೊರಗಿನಿಂದ ಬಂದು ಸೇರಿದ ಹೊಸ ಡಾಕ್ಟರುಗಳು ಆ ದಿನ ಗಾಬರಿಯಾಗುವುದು, ನರ್ಸುಗಳು ಅವರನ್ನು ಸಮಾಧಾನ ಮಾಡುವುದು, ಇದೆಲ್ಲ ನಮಗೆ ಪ್ರತಿವರ್ಷದ ಜೋಕು.

ನಾನು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಗ ಆಟಿಗೆ ಮನೆಗೆ ಬಂದಿದ್ದೆ. ದೊಡ್ಡಪ್ಪನ ಮನೆ ನಮ್ಮ ಅಂಗಳದ ಆಚೆಗೇ ಇದೆ. ಅವರು ಪಕ್ಕದ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಪಿಕ್ಕಿಂಗ್ ಲೆಕ್ಕ ಬರೆಯುವವರು. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ನನ್ನ ನೆನಪಿನಲ್ಲಿ ಆ ದಿನ ಅವರು ಪಾಯಸದ ಬಟ್ಟಲನ್ನು ಕೈಯಿಂದ ದೂರ ಸರಿಸುತ್ತಾರೆ. ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಗಂಡಸರ ತಮಾಷೆ ನಡೆಯುತ್ತಿದೆ. ದೊಡ್ಡಪ್ಪನೂ ನಗುತ್ತಾ, ನನ್ನದೂ ಕೆಂಪೇ ಎನ್ನುತ್ತಾರೆ. ನಾನು ಹಸಿರು ಜಾಕೆಟ್ ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದೇನೆ. ಒಮ್ಮೆಲೇ ಹೊಳೆದು ಕೇಳುತ್ತೇನೆ, "ದೊಡ್ಡಪ್ಪ, ನೀವು ಪಾಯಸ ತಿನ್ನಲೇ ಇಲ್ಲವಲ್ಲ?" ಎಲ್ಲರೂ ದೊಡ್ಡಪ್ಪನ ಕಡೆಗೆ ತಿರುಗುತ್ತಾರೆ. ಮರುದಿನ ನಾನೇ ಅವರನ್ನು ಮಡಿಕೇರಿಯ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಪರೀಕ್ಷೆ, ಸ್ಕ್ಯಾನು, ಆಮೇಲೆ ಮೈಸೂರು. ಮೂತ್ರಕೋಶದಲ್ಲಿ ಸಣ್ಣ ಗಡ್ಡೆ. ಬೇಗ ಗೊತ್ತಾದ್ದರಿಂದ ದುರ್ಬೀನು ಹಾಕಿ ತೆಗೆದರು. ದೊಡ್ಡಪ್ಪ ಇಂದಿಗೂ ಗಟ್ಟಿಯಾಗಿದ್ದಾರೆ, ಕಾಲಕಾಲಕ್ಕೆ ತಪಾಸಣೆಗೆ ಹೋಗುತ್ತಾರೆ, ಬೆಳಿಗ್ಗೆ ಎಸ್ಟೇಟಿನಲ್ಲಿ ಹಾಜರಿ ಕೂಗುತ್ತಾರೆ.

ಇದನ್ನು ಕನ್ನಡದಲ್ಲಿ ಒಂದೇ ಬೈಠಕ್ಕಿನಲ್ಲಿ ಬರೆದೆ. ಮಿಸ್ ಓದಿ ಕನ್ನಡಕ ತೆಗೆದರು. "ಇದಕ್ಕೆ ಸ್ಟೇಟ್‌ಮೆಂಟ್ ಅಂತಾರೆ. ಕಳಿಸು," ಎಂದರು.

ಆ ಹಸಿರು ಜಾಕೆಟ್ ಇಲ್ಲದಿದ್ದರೆ ಕಳಿಸಿಬಿಡುತ್ತಿದ್ದೆ. ನಾನು ಹೈಸ್ಕೂಲಿನಿಂದ ದಿನಚರಿ ಬರೆಯುವವಳು. ಆದರೆ ಆ ಆಟಿಯಲ್ಲಿ ನಾನು ಏನನ್ನೂ ಬರೆದಿರಲಿಲ್ಲ. ಬರೆಯದ ದಿನಗಳೇ ನನಗೆ ಹೆಚ್ಚು ಸ್ಪಷ್ಟವಾಗಿ ನೆನಪಿರುತ್ತವೆ. ಇದು ಒಳ್ಳೆಯ ಲಕ್ಷಣವಲ್ಲ ಎಂದು ನನಗೆ ಹಿಂದೆಯೇ ಅನುಮಾನವಿತ್ತು. ಮನೆಗೆ ಬಂದು ಕರಡನ್ನು ಇನ್ನೊಮ್ಮೆ ಓದುತ್ತಿದ್ದಾಗ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಅದೇ ಹಸಿರು ಜಾಕೆಟ್ ಕಣ್ಣಿಗೆ ಬಿತ್ತು. ಬೆನ್ನ ಮೇಲೆ ದಪ್ಪಕ್ಷರದಲ್ಲಿ ಅಂತಿಮ ವರ್ಷ ಎಂದು ಅಚ್ಚಾಗಿತ್ತು. ಅದು ಕೊನೆಯ ವರ್ಷದ ಕ್ರೀಡಾಕೂಟದಲ್ಲಿ ಕೊಟ್ಟದ್ದು. ದೊಡ್ಡಪ್ಪನ ಆಪರೇಷನ್ ಆಗುವಾಗ ಆ ಜಾಕೆಟ್ ಇನ್ನೂ ಹುಟ್ಟಿಯೇ ಇರಲಿಲ್ಲ.

ಜಾಕೆಟ್ ಒಂದು ತಪ್ಪಾದರೆ ಏನಾಯಿತು, ಅದನ್ನು ಹೊಡೆದು ಹಾಕಿದರೆ ಮುಗಿಯಿತು ಎಂದುಕೊಂಡೆ. ಹೊಡೆದೂ ಹಾಕಿದೆ. ಆದರೆ ಜಾಕೆಟ್ ತೆಗೆದ ಮೇಲೆ ಕಂಬಕ್ಕೆ ಒರಗಿದ ಹುಡುಗಿ ಅಷ್ಟು ಗಟ್ಟಿಯಾಗಿ ಕಾಣಲಿಲ್ಲ. ಅವ್ವನನ್ನು ಕೇಳೋಣ ಎಂದು ಅಡುಗೆಮನೆಗೆ ಹೋದೆ.

ಅವ್ವ ಬಿದಿರಿನ ಕಣಿಲೆ ಹೆಚ್ಚುತ್ತಿದ್ದಳು. ನಾನು ಓದಿದ್ದನ್ನು ಕೇಳಿ ಕತ್ತಿ ಕೆಳಗಿಟ್ಟಳು.

"ನೀ ಕೇಳ್ದ್ ಅಲ್ಲ. ನಾ ಕೇಳ್ದ್."

"ನೀನಾ?"

"ಮತ್ತೆ ಯಾರ್? ಬಡ್ಸ್‌ದವ್ಳ್ ನಾನ್. ಭಾವಂಗೆ ಸಕ್ಕರೆ ಉಟ್ಟು ಅಂತ ನಾ ಬಟ್ಟಲೇ ಕೊಟ್ಟಿತ್ಲೆ. ಮಾರನೇ ದಿನ ಕೆಂಪು ಅಂತ ಹೇಳ್ದಾಗ, ನಾ ಇಲ್ಲಿಂದ್ಲೇ ಕೇಳ್ದೆ, ಪಾಯಸ ತಿನ್ನದವ್ರಿಗೆ ಎಂಥ ಕೆಂಪು ಅಂತ. ನೀ ಆಗ ಮಲ್ಗಿದ್ದೆ. ಕಾಲೇಜಿಂದ ಬಂದ್ರೆ ನೀ ಏಳುದ್ ಯಾವಾಗ?"

ನನಗೆ ಅವಮಾನಕ್ಕಿಂತ ಹೆಚ್ಚಾಗಿ ಅಸೂಯೆಯಾಯಿತು. ಬಟ್ಟಲೇ ಕೊಟ್ಟಿರಲಿಲ್ಲ ಎನ್ನುವ ಅವ್ವನ ಕತೆ ನನ್ನದಕ್ಕಿಂತ ಚೆನ್ನಾಗಿತ್ತು. ಅದರಲ್ಲಿ ಜಾಕೆಟ್ಟೂ ಇರಲಿಲ್ಲ. ಬೆಳಿಗ್ಗೆ ಮಲಗುವ ನನ್ನ ಅಭ್ಯಾಸವನ್ನು ಅಲ್ಲಗಳೆಯಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಉಳಿದವರು ಒಬ್ಬರೇ. ಕರಡನ್ನು ಮಡಚಿಕೊಂಡು ಅಂಗಳ ದಾಟಿದೆ. ಕೇಳಲು ಹೋದದ್ದಕ್ಕೆ ಇನ್ನೊಂದು ಕಾರಣವೂ ಇತ್ತು: ಅವರ ದೇಹದ ಸಂಗತಿಯನ್ನು ಗುರುತಿಲ್ಲದವರ ಮುಂದೆ ಇಡುವ ಮೊದಲು ಅವರ ಒಪ್ಪಿಗೆ ಬೇಕಿತ್ತು. ಇದು ಮೊದಲೇ ಹೊಳೆಯಬೇಕಾಗಿದ್ದ ಕಾರಣ, ಹೊಳೆದದ್ದು ಎರಡನೆಯದಾಗಿ.

ದೊಡ್ಡಪ್ಪ ಕೆಲಸದಿಂದ ಬಂದು, ಕಾಲು ತೊಳೆದು, ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರು. ಹಾಳೆಯನ್ನು ದೂರ ಹಿಡಿದು ನಿಧಾನವಾಗಿ ಓದಿದರು. ನಡುವೆ ಒಮ್ಮೆ ನಕ್ಕರು.

"ಚೆಂದ ಉಟ್ಟು ಗೂಡೇ," ಎಂದರು. ನಮ್ಮ ಮಾತಿನಲ್ಲಿ ಹುಡುಗಿಯನ್ನು ಗೂಡೆ ಎನ್ನುತ್ತೇವೆ, ಇರಲಿಲ್ಲ ಎನ್ನುವುದು ಇತ್ಲೆ ಆಗುತ್ತದೆ. "ಆದ್ರೆ ಇದ್ ಯಾರ ದೊಡ್ಡಪ್ಪ?"

"ಎಂಥಕ್ಕೆ? ತಪ್ಪುಟ್ಟಾ?"

"ಬಟ್ಟಲು ನಾ ದೂಡಿತ್ಲೆ. ಕೈ ನೀಡಿ ತಕ್ಕಂಡೆ, ಎಲ್ಲವರ ಎದುರೇ. ಒಂದ್ ದಿನ ತಿಂದ್ರೆ ಎಂಥ ಆಕು ಅಂತ ಹೇಳಿ. ಬಡ್ಸಿದ್ದ್ ನಿನ್ನ ಅವ್ವನೇ."

"ಹಂಗಾರೆ ತಿಂದಿದ್ರಿ?"

"ಇಲ್ಲೆ. ಹಿತ್ತಲಿಗೆ ಹೋಗಿ ಬಾಳೆಬುಡಕ್ಕೆ ಹುಯ್ದೆ."

ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವರು ಮುಂದುವರಿಸಿದ್ದನ್ನು ಆ ಸಂಜೆಯೇ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ, ಆದ್ದರಿಂದ ಇದು ಬಹುಮಟ್ಟಿಗೆ ಅವರ ಮಾತೇ. ಮೂತ್ರದಲ್ಲಿ ಕೆಂಪು ಕಾಣಿಸಿಕೊಂಡದ್ದು ಆಟಿ ಹುಟ್ಟುವ ಮೊದಲೇ. ನೋವಿರಲಿಲ್ಲ. ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲಿದ್ದ ಅವರ ಒಬ್ಬ ಗೆಳೆಯನಿಗೆ ಹಿಂದೆ ಹೀಗೆಯೇ ಆಗಿ, ಆಪರೇಷನ್ ಮಾಡಿಸಿಕೊಂಡು ಹೊಟ್ಟೆಯ ಪಕ್ಕಕ್ಕೆ ಮೂತ್ರದ ಚೀಲ ಕಟ್ಟಿಸಿಕೊಂಡು ಬಂದಿದ್ದನಂತೆ. ದೊಡ್ಡಪ್ಪನಿಗೆ ಸಾವಿನ ಹೆದರಿಕೆಗಿಂತ ಆ ಚೀಲದ ಹೆದರಿಕೆ ದೊಡ್ಡದಾಗಿತ್ತು. ಹಾಜರಿ ಕೂಗುವ ಹೊತ್ತಿಗೆ ಆಳುಗಳೆಲ್ಲ ಅದನ್ನೇ ನೋಡುತ್ತಾರೆ ಎಂದು.

"ಅದಕ್ಕೆ ಆಟಿ ಹದಿನೆಂಟು ಬರ್ಲಿ ಅಂತ ಕಾದ್ಕಂಡಿದ್ದೆ. ಆ ದಿನ ಕಳ್ದರೆ ಯಾರೂ ಕೇಳುವಂಗಿಲ್ಲೆ. ಊರಿಗೆ ಊರೇ ಕೆಂಪು. ನನ್ನದ್ ಅದರೊಳಗೆ ಒಂದು."

"ಕುಡಿದೇ ಬಿಡಬೋದಿತ್ತಲ್ಲ ಪಾಯಸ?"

"ಸಕ್ಕರೆ ಬೇರೆ ಉಟ್ಟಲ್ಲ. ಒಂದ್ ಕಾಯಿಲೆ ಮುಚ್ಚಕ್ಕೆ ಇನ್ನೊಂದನ್ನ ಏರ್ಸುದಾ?" ಎಂದು ಅವರೇ ನಕ್ಕರು. "ಆ ವರ್ಷ ಬಾಳೆಗೊನೆ ಮಾತ್ರ ಚೆಂದ ಬಂದಿತ್ತ್."

ನನ್ನ ಕತೆಯೂ ಅವ್ವನ ಕತೆಯೂ ಅಲ್ಲಿಗೆ ಒಟ್ಟಿಗೇ ಬಿದ್ದವು. ಎಲ್ಲರ ಎದುರು ಬಟ್ಟಲು ತೆಗೆದುಕೊಂಡವನನ್ನು ತಿನ್ನಲಿಲ್ಲವಲ್ಲ ಎಂದು ಕೇಳಲು ಯಾರಿಗೂ ಸಾಧ್ಯವೇ ಇರಲಿಲ್ಲ. ಅವ್ವನ ನೆನಪು ಮುಂದಿನ ವರ್ಷಗಳದ್ದು. ಕಾಯಿಲೆ ಗೊತ್ತಾದ ಮೇಲೆ ಅವಳು ನಿಜವಾಗಿಯೂ ದೊಡ್ಡಪ್ಪನಿಗೆ ಬಟ್ಟಲು ಕೊಡುತ್ತಿರಲಿಲ್ಲ. ನನ್ನದು ಎಲ್ಲಿಂದ ಬಂತೋ ನನಗೆ ತಿಳಿಯದು. ಬಹುಶಃ ಆ ಪ್ರಶ್ನೆಯನ್ನು ನಾನು ಕೇಳಬೇಕಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡು, ಅಂದುಕೊಂಡದ್ದೇ ಕೇಳಿದ್ದಾಗಿ ಗಟ್ಟಿಯಾಗಿರಬೇಕು.

"ಹಂಗಾರೆ ಆಸ್ಪತ್ರೆಗೆ ಹೋದ್ ಹೆಂಗೆ?" ಎಂದು ಕೇಳಿದೆ. ನನ್ನ ಪುಟ ಖಾಲಿಯಾಗಿತ್ತು. ಆ ಕ್ಷಣಕ್ಕೆ ನನಗೆ ಬಿ.ಎಡ್. ಕಾಲೇಜಿನ ಗೇಟು ಕಣ್ಣಮುಂದೆ ಬಂದದ್ದು ನಿಜ.

"ನೀ ಕೇಳ್ದ್ ಒಂದು ಮಾತಿಂದ."

"ನಾ ಕೇಳಿತ್ಲೆ ಅಂತ ಈಗಷ್ಟೇ ಹೇಳಿದ್ರಿ."

"ಪಾಯಸದ್ದ್ ಅಲ್ಲ. ನೀರಿನದ್ದ್."

ಪಾಯಸದ ದಿನ ಕಳೆದು ಒಂದೆರಡು ದಿನವಾಗಿತ್ತಂತೆ. ಸಂಜೆ ಅವರು ಎಸ್ಟೇಟಿನಿಂದ ಬಂದು ನೀರಿನ ಬಾಟಲಿಯನ್ನು ಜಗಲಿಯ ಮೇಲೆ ಇಟ್ಟರು. ನಾನು ಅಲ್ಲೇ ಕೂತು ಏನೋ ಓದುತ್ತಿದ್ದೆನಂತೆ. ಬಾಟಲಿಯನ್ನು ಎತ್ತಿ ನೋಡಿ, ತಲೆ ಎತ್ತದೆ ಕೇಳಿದೆನಂತೆ: "ಬೆಳಿಗ್ಗೆ ತುಂಬ್ಸಿದ್ದ್ ಹಂಗೇ ಉಟ್ಟು. ನೀವ್ ಯಾಕೆ ದೊಡ್ಡಪ್ಪ ನೀರ್ ಕುಡೀತಿಲ್ಲ?"

ಅವರು ನೀರು ಕುಡಿಯುವುದನ್ನು ಬಿಟ್ಟಿದ್ದರು. ಕುಡಿದರೆ ಹೋಗಬೇಕು, ಹೋದರೆ ನೋಡಬೇಕು.

"ಕೆಂಪಿಗೆ ನನ್ನ ಹತ್ರ ಉತ್ತರ ಇತ್ತ್. ಪಾಯಸ. ನೀರಿಗೆ ಇತ್ಲೆ," ಎಂದರು ದೊಡ್ಡಪ್ಪ. "ಎಂಥ ಹೇಳುದ್ ಅಂತ ಬಾಯಿಗೆ ಬಾತ್ಲೆ. ನೀ ಕಾಯ್ತಾ ಕೂತಿದ್ದೆ. ಅದಕ್ಕೆ, ನಾಳೆ ಮಡಿಕೇರಿಗೆ ಹೋಕುಟ್ಟು, ನನ್ನ ಜೊತೆ ಬಾ ಅಂತ ಹೇಳ್ದೆ."

ಅವರು ಹೇಳುತ್ತಿದ್ದಷ್ಟು ಹೊತ್ತೂ ನಾನು ಆ ಸಂಜೆಗಾಗಿ ತಲೆಯೊಳಗೆ ಹುಡುಕಿದೆ. ಬಾಟಲಿ ಸಿಗಲಿಲ್ಲ. ಪ್ರಶ್ನೆ ಸಿಗಲಿಲ್ಲ. ನಾನು ಕಾಯುತ್ತಾ ಕೂತದ್ದೂ ಸಿಗಲಿಲ್ಲ. ನನಗೆ ಕಣ್ಣಿಗೆ ಕಟ್ಟಿದ ಹಾಗೆ ನೆನಪಿದ್ದದ್ದು ನಡೆದಿರಲಿಲ್ಲ. ನಡೆದದ್ದರ ಒಂದು ಚೂರೂ ನನಗೆ ನೆನಪಿರಲಿಲ್ಲ.

ನಮ್ಮಿಬ್ಬರಿಗೂ ಒಂದೇ ರೀತಿ ನೆನಪಿದ್ದದ್ದು ಒಂದು ಮಾತ್ರ. ಮಡಿಕೇರಿಯ ಆಸ್ಪತ್ರೆಯ ಲ್ಯಾಬಿನ ಕಿಟಕಿಯಲ್ಲಿ ಕೂತಿದ್ದ ಹೆಂಗಸು ಶೀಶೆಯನ್ನು ಬೆಳಕಿಗೆ ಹಿಡಿದು, "ಪಾಯಸವಾ?" ಎಂದು ಸಹಜವಾಗಿ ಕೇಳಿದಳು. ಆ ಕಾಲದಲ್ಲಿ ಅವಳು ಎಲ್ಲರಿಗೂ ಕೇಳುವ ಮಾತು ಅದು. ಹೌದು ಎಂದು ಒಂದು ಮಾತು ಹೇಳಿದ್ದರೆ ಮನೆಗೆ ಬರಬಹುದಿತ್ತು. ದೊಡ್ಡಪ್ಪ ನನ್ನ ಮುಖ ನೋಡಿದರು. "ಅಲ್ಲ," ಎಂದರು.

ಹೊರಡುವಾಗ ಕೇಳಿದೆ, "ಇದನ್ನ ಬರೀಲಾ ದೊಡ್ಡಪ್ಪ? ಚೀಲದ್ದ್, ಬಾಳೆಬುಡದ್ದ್, ಎಲ್ಲ?"

"ಬರೆ. ಆದ್ರೆ ಮುದುಕ ಅಂತ ಎಲ್ಲೂ ಬರೀಬೇಡ."

ಅವ್ವನಿಗೆ ವಿಷಯ ಹೇಳಿದಾಗ ಅವಳಿಗೆ ತನ್ನ ಪ್ರಶ್ನೆ ಕಳೆದುಹೋದದ್ದಕ್ಕಿಂತ ಪಾಯಸ ಕಳೆದುಹೋದದ್ದು ನೋವಾಯಿತು. "ತೆಂಗಿನ್ ಹಾಲ್ ಹಿಂಡಿ ಮಾಡಿದ್ದ್ ನಾನ್. ಬಾಳೆಗೆ ಹುಯ್ದವಾ?" ಎಂದು ಆ ದಿನವಿಡೀ ಅಂಗಳದ ಆಚೆಗೆ ಕೇಳುವಂತೆ ಹೇಳುತ್ತಿದ್ದಳು.

ಹೊಸ ಪುಟವನ್ನು ಬರೆಯಲು ಬಹಳ ಕಷ್ಟವಾಯಿತು. ಹಳೆಯದರಲ್ಲಿ ನಾನು ಕಂಡುಹಿಡಿದೆ, ನಾನು ಎಚ್ಚರಿಸಿದೆ, ನಾನು ಕರೆದೊಯ್ದೆ ಎಂದು ವಾಕ್ಯಗಳು ತಾವಾಗಿ ನಡೆದಿದ್ದವು. ಹೊಸದರಲ್ಲಿ ನನ್ನ ಕೆಲಸ ಒಂದು ಸಣ್ಣ ಪ್ರಶ್ನೆ, ಅದೂ ಇನ್ನೊಬ್ಬರ ಸಾಕ್ಷಿಯ ಮೇಲೆ. ಹೊಗಳುವ ಪದಗಳನ್ನು ತೆಗೆದೆ. ಸೇವೆ ಎಂಬ ಪದ ತೆಗೆದೆ. ಕರುಣೆ ಒಂದು ಕಡೆ ಉಳಿದಿತ್ತು, ಅದನ್ನೂ ತೆಗೆದೆ. ಮೊದಲು ಪದ್ಧತಿಯನ್ನು ಹೇಳಿ, ನನಗೆ ಏನು ನೆನಪಿತ್ತು ಎಂದು ಹೇಳಿ, ಅದು ಏಕೆ ನಿಜವಲ್ಲ ಎಂದು ಹೇಳಿ, ದೊಡ್ಡಪ್ಪ ಹೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟೆ. ಕೊನೆಗೆ ಇಷ್ಟು ಬರೆದೆ: ಮನುಷ್ಯರು ಕಾಯಿಲೆಯನ್ನು ಕತ್ತಲಲ್ಲಿ ಮಾತ್ರ ಅಡಗಿಸುವುದಿಲ್ಲ, ಎಲ್ಲರೂ ನಗುವ ಜಾಗದಲ್ಲೂ ಅಡಗಿಸುತ್ತಾರೆ. ಅಲ್ಲಿ ಹೋಗಿ ಕೇಳಲು ಕಲಿಯಬೇಕೆಂದು ನನಗೆ ಆಸೆ. ಒಮ್ಮೆ ತಿಳಿಯದೆ ಕೇಳಿದ್ದೇನೆ, ಇನ್ನು ತಿಳಿದು ಕೇಳಬೇಕು.

ಮಿಸ್ ಈ ಸಲ ಎರಡು ಬಾರಿ ಓದಿದರು.

"ಮೊದಲಿನದ್ದು ಪಾಸಾಗ್ತದೆ," ಎಂದರು. "ಇದು ಪಾಸಾಗಲೂಬಹುದು, ಬೀಳಲೂಬಹುದು. ನನಗೆ ನೆನಪಿಲ್ಲ ಅಂತ ಬರೆದುಕೊಟ್ಟು ಸೀಟು ಕೇಳಿದವರನ್ನ ನಾನು ಕಂಡಿಲ್ಲ."

"ಯಾವುದು ಕಳಿಸಲಿ ಮಿಸ್?"

"ಸಂದರ್ಶನಕ್ಕೆ ಹೋಗುವವಳು ನೀನು. ಯಾವುದರ ಜೊತೆ ಒಳಗೆ ಹೋಗ್ತಿ, ನೀನೇ ನೋಡು."

ಎರಡನೆಯದನ್ನು ಕಳಿಸಿದೆ. ಇದನ್ನು ಧೈರ್ಯ ಎಂದು ಬರೆದುಕೊಳ್ಳಲು ಈಗ ಮನಸ್ಸಾಗುತ್ತದೆ, ಆದರೆ ಆಗಿನ ದಿನಚರಿ ಬೇರೆ ಹೇಳುತ್ತದೆ. ನನಗೆ ಭಯವಾಗಿತ್ತು. ಸಂದರ್ಶನದಲ್ಲಿ ಯಾರಾದರೂ ಆ ಜಗಲಿಯ ದೃಶ್ಯವನ್ನು ಮತ್ತೆ ಹೇಳಿ ಎಂದರೆ, ನಡೆಯದ್ದನ್ನು ನೋಡಿದವಳ ಹಾಗೆ ಹೇಳಬೇಕಾಗುತ್ತಿತ್ತು. ಎರಡನೆಯದನ್ನು ಹೇಳಲು ನನಗೆ ನಟನೆ ಬೇಕಿರಲಿಲ್ಲ.

ಅಷ್ಟರಲ್ಲಿ ಈ ವರ್ಷದ ಆಟಿ ಹದಿನೆಂಟು ಬಂತು. ಅವ್ವ ಪಾಯಸ ಮಾಡಿದಳು. ದೊಡ್ಡಪ್ಪನ ಕೈಗೆ ಸಿಹಿ ಹಾಕದ ಪಾಯಸ ಒಂದು ಚಮಚ ಹಾಕಿ, ಅವರು ನುಂಗುವವರೆಗೆ ಎದುರೇ ನಿಂತಳು.

"ಬಾಯಿ ತೆಗೀರಿ ಭಾವ, ಕಾಣುವ."

"ಪೊಲೀಸ್ ಸ್ಟೇಷನ್ನಲ್ಲೂ ಇಷ್ಟ್ ಇಲ್ಲೆ," ಎಂದರು ದೊಡ್ಡಪ್ಪ.

ಸಂದರ್ಶನದ ದಿನ ಅವರೇ ನನ್ನ ಜೊತೆ ಬಯಲಿಗೆ ಬಂದರು. ಹೊರಗೆ ಮರದ ಕೆಳಗೆ ಕೂತರು. ಒಳಗೆ ಮೇಜಿನ ಹಿಂದೆ ಇಬ್ಬರು: ವಯಸ್ಸಾದ ಒಬ್ಬ ಸರ್ಜನ್, ಮತ್ತು ನನ್ನ ಪುಟವನ್ನು ಕೈಯಲ್ಲಿ ಹಿಡಿದಿದ್ದ ಒಬ್ಬ ಡಾಕ್ಟರ್ ಮೇಡಂ. ಮುಂದಿನದ್ದನ್ನು ನಾನು ವಾಪಸು ಬರುವ ದಾರಿಯಲ್ಲೇ ಬರೆದಿಟ್ಟೆ, ಇನ್ನೊಮ್ಮೆ ಜಾಕೆಟ್ ಹಾಕಿಕೊಳ್ಳಬಾರದು ಎಂದು.

"ಈ ಸೊಪ್ಪಿನ ವಿಷಯ ನಿಜವಾ?" ಎಂದು ಸರ್ಜನ್ ಕೇಳಿದರು.

"ನಿಜ ಸರ್. ಮುಂದಿನ ಆಟಿಗೆ ನಮ್ಮ ಮನೆಗೆ ಬಂದರೆ ನಿಮಗೇ ತಿಳಿಯುತ್ತದೆ."

ಅವರು ನಗಲಿಲ್ಲ. "ನೀವು ಏನೂ ಕಂಡುಹಿಡಿಯಲಿಲ್ಲ ಅಂತ ನೀವೇ ಬರೆದಿದ್ದೀರಿ. ಮಾಡಿದ ಒಂದು ಕೆಲಸ ಅಂದರೆ ಆ ಪ್ರಶ್ನೆ. ಅದೂ ನಿಮಗೆ ನೆನಪಿಲ್ಲ. ಹಾಗಿದ್ದರೆ ಇದರಲ್ಲಿ ನಿಮ್ಮದೇನು?"

ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಉತ್ತರವನ್ನೂ ಬಾಯಿಪಾಠ ಮಾಡಿದ್ದೆ. ಆದರೆ ಬಾಯಿಗೆ ಬಂದದ್ದು ಬೇರೆ.

"ನಿಮ್ಮ ಹತ್ತಿರ ಬಂದ ಪೇಷಂಟ್‌ಗಳಿಗೆ ನೀವು ಕೇಳಿದ್ದೆಲ್ಲ ನಿಮಗೆ ನೆನಪಿದೆಯಾ ಸರ್?"

"ಇಲ್ಲ."

"ಅವರಿಗೆ ನೆನಪಿರುತ್ತದೆ."

ಸರ್ಜನ್ ಪೆನ್ನು ಕೆಳಗಿಟ್ಟರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ತಿಳಿಯಲಿಲ್ಲ. ಅವರ ಪಕ್ಕದ ಮೇಡಂ ಕೇಳಿದರು, "ನೀವು ಡಾಕ್ಟರಾಗಿ ನಿಮ್ಮೂರಿನಲ್ಲೇ ಕೂತಿದ್ದೀರಿ. ಆಟಿ ಹದಿನೆಂಟರ ಮರುದಿನ. ಒಬ್ಬರು ಬಂದು ಕೆಂಪಗೆ ಹೋಗ್ತಿದೆ, ಪಾಯಸ ಇರಬೇಕು ಅಂತಾರೆ. ಏನು ಮಾಡ್ತೀರಿ?"

"ತಿಂದಿರಾ ಅಂತ ಕೇ‌ಳ್ತೇನೆ."

"ಹೌದು ಅಂದರು."

"ಆದರೂ ಪರೀಕ್ಷೆ ಮಾಡಿಸ್ತೇನೆ."

"ಹೌದು ಅಂದ ಮೇಲೂ?"

"ನಮ್ಮೂರಲ್ಲಿ ಬಟ್ಟಲು ತೆಗೆದುಕೊಂಡವರೆಲ್ಲ ತಿಂದಿರುವುದಿಲ್ಲ ಮೇಡಂ. ಬಾಳೆಯನ್ನೂ ಕೇಳಬೇಕಾಗುತ್ತದೆ."

ಆಗ ಸರ್ಜನ್ ನಕ್ಕರು. ಜೋರಾಗಿ, ಹೊರಗಿದ್ದ ಜವಾನ ಬಾಗಿಲು ಸರಿಸಿ ನೋಡುವಷ್ಟು. ಆಮೇಲೆ ಮೇಡಂ ಕೇಳಿದ ಕೊನೆಯ ಪ್ರಶ್ನೆ, "ನಿಮ್ಮ ದೊಡ್ಡಪ್ಪ ಈಗ ಹೇಗಿದ್ದಾರೆ?"

"ಹೊರಗೆ ಮರದ ಕೆಳಗೆ ಕೂತಿದ್ದಾರೆ."

ಮೇಡಂ ಎದ್ದು ಕಿಟಕಿಯ ಬಳಿ ಹೋಗಿ ನೋಡಿದರು. ದೊಡ್ಡಪ್ಪ ಒಂದು ಕಾಲ ಮೇಲೆ ಒಂದು ಕಾಲು ಹಾಕಿಕೊಂಡು, ಕಡಲೆಕಾಯಿ ಸುಲಿಯುತ್ತಾ, ಪಕ್ಕದಲ್ಲಿ ಕೂತ ಇನ್ನೊಬ್ಬ ಅಭ್ಯರ್ಥಿಯ ತಂದೆಗೆ ಏನನ್ನೋ ವಿವರಿಸುತ್ತಿದ್ದರು.

ಫಲಿತಾಂಶ ಬಂದದ್ದು ಬಿಸಿಲು ಬಿದ್ದ ಒಂದು ಬೆಳಿಗ್ಗೆ. ಮನೆಯೊಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅಂಗಳದ ತುದಿಯ ಕಲ್ಲಿನ ಮೇಲೆ ನಿಂತು ಫೋನು ಎತ್ತಿ ಹಿಡಿದಿದ್ದೆ. ಪುಟ ತೆರೆದುಕೊಂಡಿತು. ಆಯ್ಕೆಯಾದವರ ಸಾಲಿನಲ್ಲಿ ನಾನಿದ್ದೆ. ಎರಡು ಸಲ, ಮೂರು ಸಲ ಓದಿದೆ. ನನ್ನ ಕಣ್ಣನ್ನು ನಾನು ಅಷ್ಟು ಸುಲಭವಾಗಿ ನಂಬುವವಳಲ್ಲ. ಆಮೇಲೆ ಅವ್ವನನ್ನು ಕರೆದು ಅವಳಿಂದ ಓದಿಸಿದೆ. ಅವ್ವ ಓದಿ, ಸೆರಗಿನಲ್ಲಿ ಫೋನಿನ ಗಾಜು ಒರೆಸಿ, ಮತ್ತೆ ಓದಿದಳು. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಭುಜಕ್ಕೆ ಒತ್ತಿಕೊಂಡಳು. ಕೊತ್ತಂಬರಿ ವಾಸನೆ ಬಂತು.

ದೊಡ್ಡಪ್ಪ ಕೆಲಸಕ್ಕೆ ಹೊರಟಿದ್ದವರು ಅಲ್ಲೇ ನಿಂತರು. "ಆತಾ?"

"ಆತ್ ದೊಡ್ಡಪ್ಪ."

ಅವರು ಹಾಜರಿ ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡರು. "ಹಂಗಾರೆ ನನ್ನ ಮೂತ್ರಕ್ಕೆ ಸೀಟ್ ಸಿಕ್ಕಿತ್ ಅಂತ ಆತ್," ಎಂದರು. ಅವ್ವ ನಗುತ್ತಾ ಕಲ್ಲಿನ ಮೇಲೆ ಕುಸಿದಳು. ಆ ದಿನ ಎಸ್ಟೇಟಿನಲ್ಲಿ ಹಾಜರಿ ತಡವಾಯಿತಂತೆ. ರೈಟರ್ ಒಂದೊಂದು ಹೆಸರು ಕೂಗಿದ ಮೇಲೂ ಆ ಸುದ್ದಿ ಹೇಳುತ್ತಿದ್ದರಂತೆ.

ಮಿಸ್‌ಗೆ ಫೋನು ಮಾಡಿದೆ. ಅತ್ತ ಕಡೆ ಮೂಗೆಳೆದ ಸದ್ದು. ಆಮೇಲೆ ಎಂದಿನ ದನಿ: "ಮಾನವಕುಲಕ್ಕೆ ತಿಳಿಸಿದೆಯಾ?"

ಆ ಬೆಳಿಗ್ಗೆಯದ್ದನ್ನು ಅಂದೇ ಬರೆದೆ. ಬರೆಯುವ ಮೊದಲು ಅವ್ವನನ್ನೂ ದೊಡ್ಡಪ್ಪನನ್ನೂ ಕೂರಿಸಿ ಯಾರು ಎಲ್ಲಿ ನಿಂತಿದ್ದೆವು ಎಂದು ಕೇಳಿದೆ. ಸಂಜೆಯಾಗುವುದರೊಳಗೆ ಅವ್ವ ತಾನೇ ಮೊದಲು ಓದಿದ್ದು ಎಂದು ಹೇಳುತ್ತಿದ್ದಳು, ದೊಡ್ಡಪ್ಪನ ಪ್ರಕಾರ ನಾನು ಅಳುತ್ತಿದ್ದೆ. ಎರಡನ್ನೂ ಬರೆದಿಟ್ಟುಕೊಂಡಿದ್ದೇನೆ. ಅತ್ತದ್ದು ನನಗೆ ನೆನಪಿಲ್ಲ. ಆದರೆ ನನ್ನ ವಿಷಯದಲ್ಲಿ ದೊಡ್ಡಪ್ಪನ ನೆನಪು ನನ್ನದಕ್ಕಿಂತ ಗಟ್ಟಿ ಎಂದು ಈಗಾಗಲೇ ಗೊತ್ತಾಗಿದೆಯಲ್ಲ.

ಹಾಸ್ಟೆಲಿಗೆ ಹೊರಟ ದಿನ ಮಡಿಕೇರಿ ಬಸ್‌ಸ್ಟ್ಯಾಂಡಿಗೆ ಅವರಿಬ್ಬರೂ ಬಂದಿದ್ದರು. ಅವ್ವ ಚೀಲಗಳನ್ನು ಎಣಿಸುತ್ತಿದ್ದಳು. ದೊಡ್ಡಪ್ಪ ಕಿಟಕಿಯ ಕೆಳಗೆ ಬಂದು ತುಂಬಿದ ನೀರಿನ ಬಾಟಲಿಯೊಂದನ್ನು ಕೊಟ್ಟರು. ಬಸ್ಸು ಚಾಲೂ ಆಗಿತ್ತು, ಆದರೂ ಅವರು ಕಿಟಕಿ ಬಿಡಲಿಲ್ಲ. ನನಗೆ ಅರ್ಥವಾಯಿತು. ಮುಚ್ಚಳ ತೆಗೆದು, ಅವರು ನೋಡುತ್ತಿದ್ದಂತೆಯೇ ಅರ್ಧ ಬಾಟಲಿ ಕುಡಿದೆ.

"ಹೂಂ," ಎಂದು ಕೈ ತೆಗೆದರು. "ಇನ್ ಹೋಗ್."